ಎಳೆಯರು ಕಥೆ ಹೇಳಲು ಕಲಿಯುವ ಬಗೆ

ಹಾಡುವುದನ್ನು ಕಲಿಯಬೇಕೆಂದರೆ ಗುರುಗಳಿದ್ದಾರೆ; ವೀಣೆ ನುಡಿಸುವುದನ್ನು ಕಲಿಯಬೇಕೆಂದರೆ ಸರಳೆ, ಜಂಟಿವರಸೆ ಮೊದಲಾದ ಪಾಠಕ್ರಮವುಂಟು. ಆದರೆ ಕಥೆ ಹೇಳುವುದನ್ನು ಹುಡುಗನೊಬ್ಬನು ಎಲ್ಲಿ ಕಲಿಯಬೇಕು, ಯಾರಿಂದ ಕಲಿಯಬೇಕು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ತಬ್ಬಿಬ್ಬಾಗುವರು. "ಅದೇನು ಕಲಿಯತಕ್ಕ ವಿದ್ಯೆಯೇ? ಬರುವವರಿಗೆ ಬರುತ್ತದೆ, ಬಾರದವರಿಗೆ ಬಾರದು" ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು.

ಈ ಮಾತನ್ನು ನಾವು ಒಪ್ಪಲಾರೆವು. ಕಥೆ ಹೇಳುವುದು ಕಲಿತು ಬರುವ ವಿದ್ಯೆ. ನಮ್ಮ ನಾಡಿನಲ್ಲಿ ಅದನ್ನು ಕಲಿಸುವುದಕ್ಕೆ ಕ್ರಮವಾದ ಏರ್ಪಾಡುಗಳೇ ಇದ್ದುವು. ಅವುಗಳಲ್ಲಿ ಕೆಲವು ಇಂದಿಗೂ ಜೀವದಿಂದಿವೆ. ಶಾಲೆಯೆಂಬ ಹೆಸರು ಅವಕ್ಕೆ ಇಲ್ಲದ ಕಾರಣ ಅವು ನಮ್ಮ ಗಮನಕ್ಕೆ ಬರಲಿಲ್ಲ, ಅಷ್ಟೆ. ಅಂಥ ಏರ್ಪಾಡುಗಳಲ್ಲಿ ಎಳೆಯರು ಏನನ್ನು ಕಲಿಯುತ್ತಾರೆ, ಹೇಗೆ ಕಲಿಯುತ್ತಾರೆ ಎಂಬುದನ್ನು ಕುರಿತು ಗೃಹಸ್ಥರಾದ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲನೆಯ ಪಾಠ ಕಥೆ ಹೇಳುವುದರಿಂದ ಆರಂಭವಾಗುವುದಿಲ್ಲ, ಹೂಂಗುಟ್ಟುವುದರಿಂದ ಆರಂಭವಾಗುತ್ತದೆ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದ ಯಾರಿಗಾದರೂ ಈ ನಿಯಮ ನೆನಪಿರಬೇಕು. ಅಜ್ಜಿ ಒಂದು ಮಾತು ಹೇಳಿ ನಿಲ್ಲಿಸುವಳು. ಮಗು "ಹೂಂ" ಎನ್ನಬೇಕು. ಎಂದರೆ ಮುಂದಿನ ಮಾತು, ಇಲ್ಲದಿದ್ದರೆ ಇಲ್ಲ. ಮಗುವಿಗೆ ನಿದ್ದೆ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕಾಗಿ ಈ ಕಟ್ಟಳೆ ಎಂದು ನಾವೆಲ್ಲರೂ ತಿಳಿದಿದ್ದೇವೆ. ಅದೂ ನಿಜವೇ. ಆದರೆ ಅದರಲ್ಲಿ ಇನ್ನೊಂದು ಗುಣವಡಗಿದೆ. ಎಲ್ಲಿ ಹೂಂ ಎನ್ನಬೇಕೆಂದು ಅರಿತ ಮಗು, ಕಥೆಯ ಒಂದು ಸಂಗತಿ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ತೊಡಗುತ್ತದೆ ಎಂಬುದನ್ನು ಅರಿತಂತೆಯೇ ಸರಿ. ರಾಜನಿಗೆ ಏಳು ಮಂದಿ ಮಕ್ಕಳಿದ್ದರು ಎಂದಾಗ ಬರುವ ಹೂಂ ಬೇರೆ. ಆ ಏಳರಲ್ಲಿ ಒಬ್ಬನು ಕಾಡಿನಿಂದ ಹಿಂತಿರುಗಲಿಲ್ಲ ಎಂದಾಗ ಬರುವ ಹೂಂ ಬೇರೆ. ಕಥೆಯ ನಡೆ ಮಗುವಿನ ಉಸಿರಿಗೆ ಹತ್ತುವುದು ಹೀಗೆ. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಲ್ಲಿಯೂ, ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನು ಹೇಳುವ ದೇವರಗುಡ್ಡರಲ್ಲಿಯೂ ಎಳೆಯನಿಗೆ ಮೊದಲು ದೊರೆಯುವ ಸ್ಥಾನ ಹಿಮ್ಮೇಳದ್ದು. ಮುಂದಾಳು ಹೇಳಿದ್ದಕ್ಕೆ ದನಿಗೂಡಿಸುತ್ತ, ತಾಳ ಹಾಕುತ್ತ, ರಾತ್ರಿಗಳನ್ನೇ ಕಳೆದು, ಅವನು ಆ ಮಹಾಕಥೆಯನ್ನು ಒಳಕ್ಕೆ ತೆಗೆದುಕೊಳ್ಳುತ್ತಾನೆ. ಅದೂ ಬೆಳೆದು ದೊಡ್ಡದಾದ ಹೂಂಗುಟ್ಟುವಿಕೆಯೇ.

ಎರಡನೆಯ ಪಾಠ, ಕೇಳಿದ ಕಥೆಯನ್ನು ತನಗಿಂತ ಚಿಕ್ಕವರಿಗೆ ಹೇಳುವುದು. ಇದಕ್ಕೆ ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಗಿಂತ ಒಳ್ಳೆಯ ಮೊದಲ ಪುಸ್ತಕವನ್ನು ಯಾವ ವಿದ್ಯಾ ಇಲಾಖೆಯೂ ರಚಿಸಲಾರದು. ಮಳೆ ಹೊಯ್ಯುತ್ತದೆ; ಕಾಗಕ್ಕನ ಸಗಣಿಯ ಮನೆ ಕೊಚ್ಚಿಹೋಗುತ್ತದೆ; ಅವಳು ಗುಬ್ಬಕ್ಕನ ಕಲ್ಲಿನ ಮನೆಯ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕನು ಒಳಗಿನಿಂದಲೇ ಒಂದೊಂದು ನೆವ ಹೇಳುತ್ತಾಳೆ: ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ನೀರು ಹೊಯ್ಯುತ್ತಿದ್ದೇನೆ, ಬಟ್ಟೆ ತೊಡಿಸುತ್ತಿದ್ದೇನೆ, ತೊಟ್ಟಿಲು ತೂಗುತ್ತಿದ್ದೇನೆ. ಮನೆಮನೆಗೆ ನೆವಗಳು ಬೇರೆ. ಆದರೆ ಅವುಗಳ ಸಾಲು ಮಾತ್ರ ಎಲ್ಲ ಕಡೆಯೂ ಉಂಟು. ಐದು ವರ್ಷದ ಮಗು ಈ ಕಥೆಯನ್ನು ತಪ್ಪದೆ ಹೇಳಬಲ್ಲುದು. ಏಕೆಂದರೆ ಅದು ಮಾತುಗಳನ್ನು ನೆನಪಿಡಬೇಕಾಗಿಲ್ಲ, ಮಗುವಿಗೆ ಮಾಡುವ ಆರೈಕೆಯ ಅನುಕ್ರಮವನ್ನು ನೆನಪಿಟ್ಟರೆ ಸಾಕು. ಅದಂತೂ ದಿನವೂ ತನ್ನ ಮೈಮೇಲೆಯೇ ನಡೆಯುವ ವ್ಯಾಪಾರ! ಕಥೆ ಹೇಳುವವನು ಮಾತನ್ನು ಬಾಯಿಪಾಠ ಮಾಡುವುದಿಲ್ಲ, ಸಂಗತಿಗಳ ಅನುಕ್ರಮವನ್ನು ಹಿಡಿಯುತ್ತಾನೆ ಎಂಬ ತತ್ತ್ವವನ್ನು ಮಗು ಹೀಗೆ ತನಗೆ ಅರಿವಿಲ್ಲದೆಯೇ ಕಲಿತುಬಿಡುತ್ತದೆ.

ಚಿಕ್ಕ ಮಕ್ಕಳಷ್ಟು ಕಟ್ಟುನಿಟ್ಟಾದ ಪರೀಕ್ಷಕರು ಬೇರೆ ಇಲ್ಲ. ಅಕ್ಕ ಕಥೆ ಹೇಳುವಾಗ ನೀರು ಹೊಯ್ಯುವುದಕ್ಕಿಂತ ಮೊದಲೇ ಬಟ್ಟೆ ತೊಡಿಸಿಬಿಟ್ಟರೆ ತಮ್ಮನು "ಹಾಗಲ್ಲ!" ಎಂದು ಕೂಗುತ್ತಾನೆ. ಅವಳು ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳಬೇಕು. ಈ ಸಮಯದಲ್ಲಿ ಪಕ್ಕದಲ್ಲಿರುವ ಹಿರಿಯರು ನಗದಿದ್ದರೆ ದೊಡ್ಡ ಉಪಕಾರ. ಕಥೆ ಹೇಳುವ ಮಗುವನ್ನು ನೋಡಿ "ಎಷ್ಟು ಮುದ್ದಾಗಿ ಹೇಳುತ್ತಾಳೆ" ಎಂದು ಅದರೆದುರಿಗೇ ಹೇಳುವುದು ಅದಕ್ಕಿಂತಲೂ ಕೆಟ್ಟದ್ದು; ಆ ಕ್ಷಣದಿಂದ ಅದರ ಗಮನ ಕಥೆಯಿಂದ ತನ್ನ ಮೇಲಕ್ಕೆ ಹೊರಳುತ್ತದೆ.

ಹೇಳದೆ ಇಟ್ಟುಕೊಂಡ ಕಥೆಯ ಪಾಡೇನು ಎಂಬುದಕ್ಕೂ ನಮ್ಮಲ್ಲಿ ಒಂದು ಕಥೆಯುಂಟು. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಕವಿ ಎ. ಕೆ. ರಾಮಾನುಜನ್ ಅವರು ಕನ್ನಡ ಜನಪದ ಕಥೆಗಳನ್ನು ಆರಿಸಿ ಇಂಗ್ಲಿಷಿಗೆ ತಿರುಗಿಸಿದ ಸಂಗ್ರಹವು ಅವರು ತೀರಿಕೊಂಡ ಮೇಲೆ ೧೯೯೭ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಕಥೆಯೂ ಸೇರಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದುವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಉಸಿರುಕಟ್ಟಿದ ಅವು, ಅವಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಗ ಹೊರಬಿದ್ದುವು. ಕಥೆಯು ಒಂದು ಜೊತೆ ಜೋಡಾಗಿ ಬಾಗಿಲ ಬಳಿ ಕುಳಿತಿತು. ಹಾಡು ಗಂಡಸರ ಅಂಗಿಯಾಗಿ ಗೂಟಕ್ಕೆ ತೂಗಿತು. ಮನೆಗೆ ಬಂದ ಗಂಡ ಅವನ್ನು ಕಂಡು ಸಂಶಯಪಟ್ಟು ಜಗಳವಾಡಿ, ಕಂಬಳಿ ಹೊದ್ದು ಹನುಮಂತರಾಯನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಕೂಡಿ ಮಾತನಾಡುವ ವಾಡಿಕೆ. ತಡವಾಗಿ ಬಂದ ಒಂದು ಕುಡಿ ಆ ಮನೆಯ ಜಗಳವನ್ನೂ ಅದರ ನಿಜವಾದ ಕಾರಣವನ್ನೂ ಹೇಳಿತು. ಗಂಡ ಕೇಳಿಸಿಕೊಂಡು, ಸಂಶಯ ತೀರಿ, ಮನೆಗೆ ಬಂದು ಹೆಂಡತಿಯನ್ನು ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. "ಯಾವ ಕಥೆ? ಯಾವ ಹಾಡು?" ಎಂದಳು ಅವಳು. ಅವಳಿಗೆ ಎರಡೂ ಮರೆತುಹೋಗಿದ್ದುವು.

ಮನೆಯೊಳಗಿನ ಈ ಕಲಿಕೆಯಿಂದ ನಾಲ್ಕು ಜನರ ಮುಂದೆ ಕುಳಿತು ಕಥೆ ಹೇಳುವುದಕ್ಕೆ ದೊಡ್ಡದೊಂದು ಹೆಜ್ಜೆ ಇಡಬೇಕು. ಆ ಹೆಜ್ಜೆಯನ್ನು ಇಡಿಸುವುದಕ್ಕೆ ಕರಾವಳಿಯವರು ಕಂಡುಕೊಂಡ ಉಪಾಯಕ್ಕೆ ಹೂವಿನಕೋಲು ಎಂದು ಹೆಸರು. ಘಟ್ಟದ ಮೇಲಿನ ವಾಚಕರಲ್ಲಿ ಅನೇಕರು ಇದನ್ನು ಕೇಳಿರಲಾರರಾದ್ದರಿಂದ ಕೊಂಚ ವಿಸ್ತಾರವಾಗಿ ಹೇಳುತ್ತೇವೆ.

ಉಡುಪಿ ಕುಂದಾಪುರಗಳ ಸೀಮೆಯಲ್ಲಿ ಹಿಂದೆ ಐಗಳ ಮಠಗಳೆಂಬ ಏಕೋಪಾಧ್ಯಾಯ ಶಾಲೆಗಳಿದ್ದುವು. ಅಕ್ಷರ, ಲೆಕ್ಕ, ಒಂದಿಷ್ಟು ಪುರಾಣ, ಇಷ್ಟು ಅಲ್ಲಿಯ ಪಾಠ. ನವರಾತ್ರಿ ಬಂದಿತೆಂದರೆ ಐಗಳು ತಮ್ಮ ಶಿಷ್ಯರಲ್ಲಿ ಬಾಯಿ ಇದ್ದ ಹುಡುಗರನ್ನು ಆರಿಸಿ, ಒಬ್ಬ ಭಾಗವತರನ್ನೂ ಮದ್ದಳೆಯವರನ್ನೂ ಕೂಡಿಕೊಂಡು ಮನೆಮನೆಗೆ ಹೊರಡುತ್ತಿದ್ದರು. ಮನೆಯವರು ಚಾವಡಿಯಲ್ಲಿ ಚಾಪೆ ಹಾಸಿ ದೀಪವಿಡುವರು. ಹೂವಿನಿಂದ ಸಿಂಗರಿಸಿದ ಕೋಲುಗಳನ್ನು ಹಿಡಿದು ಹುಡುಗರು ಎದುರುಬದುರಾಗಿ ಕುಳಿತುಕೊಳ್ಳುವರು. ಮೊದಲು ಮನೆಗೆ ಒಳ್ಳೆಯದನ್ನು ಹಾರೈಸುವ ಹಾಡು. ಬಳಿಕ ಯಾವುದಾದರೊಂದು ಯಕ್ಷಗಾನ ಪ್ರಸಂಗದ ಒಂದು ತುಣುಕು. ಭಾಗವತರು ಪದ್ಯವನ್ನು ಹಾಡುವರು. ಆ ಪದ್ಯ ಯಾರ ಮಾತೋ ಆ ಹುಡುಗನು ಅದರ ಅರ್ಥವನ್ನು ಮಾತಿನಲ್ಲಿ ಹೇಳುವನು. ಎದುರಿನವನು ಉತ್ತರ ಕೊಡುವನು. ಅರ್ಧ ಗಳಿಗೆಯೋ ಒಂದು ಗಳಿಗೆಯೋ ಆದ ಮೇಲೆ ಮನೆಯವರು ದಕ್ಷಿಣೆ ಕೊಟ್ಟು ಕಳುಹುವರು. ಇದು ಬಡ ಉಪಾಧ್ಯಾಯರ ವರ್ಷಾಶನವೂ ಆಗಿತ್ತು, ಹುಡುಗರ ಬಹಿರಂಗ ಪರೀಕ್ಷೆಯೂ ಆಗಿತ್ತು.

ಈ ಹುಡುಗರು ಹೇಳುವ ಅರ್ಥ ಐಗಳು ಹೇಳಿಕೊಟ್ಟು ಗಟ್ಟಿಮಾಡಿಸಿದ್ದು ಎಂಬುದನ್ನು ಮರೆಮಾಚಬೇಕಾಗಿಲ್ಲ. ಕಥೆ ಹೇಳುವವನು ಮಾತನ್ನು ಬಾಯಿಪಾಠ ಮಾಡುವುದಿಲ್ಲ ಎಂದು ಮೇಲೆ ಹೇಳಿದ್ದಕ್ಕೆ ಇದು ವಿರೋಧವಲ್ಲವೇ ಎಂದು ವಾಚಕರು ಕೇಳಬಹುದು. ಈಜು ಕಲಿಯುವ ಹುಡುಗನ ಸೊಂಟಕ್ಕೆ ಸೋರೆಬುರುಡೆ ಕಟ್ಟುವರಷ್ಟೆ. ಬಾವಿಯಲ್ಲಿ ಮುಳುಗದೆ ಕೈಕಾಲು ಬಡಿಯುವ ಧೈರ್ಯ ಬರುವವರೆಗೆ ಅದು ಬೇಕು. ಬಾಯಿಪಾಠದ ಅರ್ಥವೂ ಅಂಥದ್ದೇ. ಮಾತು ಸಿದ್ಧವಾಗಿರುವುದರಿಂದ ಹುಡುಗನ ಮನಸ್ಸು ಬೇರೆ ಸಂಗತಿಗಳನ್ನು ಕಲಿಯಲು ಬಿಡುವಾಗಿರುತ್ತದೆ. ಚಾವಡಿಯ ಕೊನೆಯಲ್ಲಿ ಗೋಡೆಗೆ ಒರಗಿದ ಕಿವಿಮಂದವಾದ ಅಜ್ಜನಿಗೂ ದನಿ ಮುಟ್ಟಬೇಕು; ಎದುರಿನವನ ಮಾತು ಮುಗಿಯುವವರೆಗೆ ಕಾದಿರಬೇಕು; ಕಾದಿರುವಾಗ ಅತ್ತಿತ್ತ ನೋಡದೆ ಅವನ ಮುಖವನ್ನೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದೇ ಸಂಭಾಷಣೆಯನ್ನು ಅದೇ ದಿನ ಹತ್ತು ಮನೆಗಳಲ್ಲಿ ಹೇಳುವುದು. ಒಂದು ಮನೆಯಲ್ಲಿ ಹಿರಿಯರು ತಲೆದೂಗುವರು. ಮತ್ತೊಂದರಲ್ಲಿ ಕೂಸು ಅಳುವುದು. ಮಗುದೊಂದರಲ್ಲಿ ಯಜಮಾನರಿಗೆ ತೋಟಕ್ಕೆ ಹೋಗುವ ಅವಸರ. ಮಾತು ಅದೇ ಆದರೂ ಹತ್ತು ಮನೆಗಳಲ್ಲಿ ಅದು ಹತ್ತು ಬಗೆಯಾಗುವುದನ್ನು ಹುಡುಗನು ಕಣ್ಣಾರೆ ಕಾಣುವನು. ಶಾಲೆಯ ವಾರ್ಷಿಕೋತ್ಸವದಲ್ಲಿ ವರ್ಷಕ್ಕೊಮ್ಮೆ ಬೆಳಕಿನೆದುರು ನಿಂತು ಒಪ್ಪಿಸುವ ಹುಡುಗನಿಗೆ ಈ ಭಾಗ್ಯವಿಲ್ಲ.

ಸರಕಾರದ ಶಾಲೆಗಳು ಬಂದಂತೆ ಐಗಳ ಮಠಗಳು ಮುಚ್ಚಿದುವು. ಅವುಗಳೊಡನೆ ಹೂವಿನಕೋಲೂ ತೆಳುವಾಯಿತು. ಆದರೂ ಅಳಿಯಲಿಲ್ಲ. ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ೧೯೭೫ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವು ಬಾಲಕರ ಯಕ್ಷಗಾನದೊಡನೆ ಈ ಪದ್ಧತಿಯನ್ನೂ ಕೈಹಿಡಿದು ಎತ್ತಿತು. ಈಗ ಬಾಲಿಕೆಯರೂ ಕೋಲು ಹಿಡಿದು ಕುಳಿತುಕೊಳ್ಳುತ್ತಾರೆ. ಇದು ಹಿಂದೆ ಇಲ್ಲದಿದ್ದ ಒಳ್ಳೆಯ ಸಂಗತಿ. ಮನೆಯ ಕಥೆಗಳನ್ನೆಲ್ಲ ಕಾಪಾಡಿಕೊಂಡು ಬಂದವರು ಹೆಂಗಸರಾಗಿರುವಾಗ ಚಾವಡಿಯ ಕಥೆ ಮಾತ್ರ ಗಂಡುಮಕ್ಕಳ ಸೊತ್ತಾಗಿದ್ದುದಕ್ಕೆ ನಮಗಂತೂ ನ್ಯಾಯವಾದ ಕಾರಣ ತೋರುವುದಿಲ್ಲ.

ಹೂವಿನಕೋಲು ಹಿಡಿದ ಹುಡುಗನು ಮೀಸೆ ಮೂಡುವ ವಯಸ್ಸಿಗೆ ತಾಳಮದ್ದಳೆಯ ಅಂಚಿಗೆ ಬಂದು ಕುಳಿತುಕೊಳ್ಳುತ್ತಾನೆ. ಸೊಂಟದ ಬುರುಡೆಯನ್ನು ಬಿಚ್ಚುವ ಸ್ಥಳ ಇದು. ತುಳುನಾಡಿನಲ್ಲಿ ಮೇ ತಿಂಗಳ ಕಡೆಯ ಭಾಗದಲ್ಲಿ ಪತ್ತನಾಜೆ ಕಳೆಯಿತೆಂದರೆ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ; ಮಳೆಗಾಲದುದ್ದಕ್ಕೂ ಆಟವಿಲ್ಲ. ಆ ತಿಂಗಳುಗಳಲ್ಲಿ ಮನೆಯ ಚಾವಡಿಗಳಲ್ಲಿ, ದೇವಸ್ಥಾನಗಳಲ್ಲಿ ಕೂಡುವ ಕೂಟವೇ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ನಡುವೆ ಭಾಗವತರೂ ಮದ್ದಳೆ ಚೆಂಡೆಗಳವರೂ. ಎರಡು ಕಡೆಯೂ ಅರ್ಥಧಾರಿಗಳು, ಉಟ್ಟ ಬಟ್ಟೆಯಲ್ಲಿಯೇ. ಒಬ್ಬರು ರಾವಣ, ಒಬ್ಬರು ಅಂಗದ ಎಂದು ಮಾತಿನಿಂದಲೇ ಆಗಬೇಕು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಅರ್ಥಧಾರಿ ಆಡುವ ಒಂದು ಮಾತೂ ಅದರಲ್ಲಿ ಬರೆದಿರುವುದಿಲ್ಲ. ಅದು ಆ ರಾತ್ರಿ ಅಲ್ಲಿಯೇ ಹುಟ್ಟಬೇಕು, ಎದುರಿನವರ ಮಾತನ್ನು ಕೇಳಿ ಹುಟ್ಟಬೇಕು.

ಹೊಸಬನಿಗೆ ಮೊದಲು ದೊರೆಯುವುದು ದೂತನ ಪಾತ್ರ, ಚಾರಕನ ಪಾತ್ರ. ಒಂದೆರಡು ಪದ್ಯ, ನಾಲ್ಕು ಮಾತು. ಉಳಿದ ಹೊತ್ತೆಲ್ಲ ಕೇಳುವುದೇ ಕೆಲಸ. ಹಾಗೆ ಐದಾರು ಮಳೆಗಾಲ ಕೇಳಿದವನಿಗೆ ಒಂದು ವಿಸ್ಮಯ ಗೋಚರವಾಗುತ್ತದೆ: ಒಂದೇ ಪದ್ಯಕ್ಕೆ ಈ ವರ್ಷ ಒಬ್ಬರು ಹೇಳಿದ ಅರ್ಥ ಬೇರೆ, ಕಳೆದ ವರ್ಷ ಮತ್ತೊಬ್ಬರು ಹೇಳಿದ್ದು ಬೇರೆ, ಆದರೆ ಇಬ್ಬರೂ ಕಥೆಯನ್ನು ಮುರಿಯಲಿಲ್ಲ. ಪದ್ಯಕ್ಕೆ ವಿರುದ್ಧವಾಗಿ ಮಾತನಾಡಬಾರದು. ಎದುರಿನವರು ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆಲ್ಲಿಗೋ ಹೋಗಬಾರದು. ಮುಂದಿನ ಪದ್ಯಕ್ಕೆ ದಾರಿಯನ್ನು ತೆರೆದಿಟ್ಟು ನಿಲ್ಲಿಸಬೇಕು. ಇದಿಷ್ಟನ್ನು ಯಾರೂ ಹಲಗೆಯ ಮೇಲೆ ಬರೆದು ತೋರಿಸುವುದಿಲ್ಲ. ತಪ್ಪಿದವರು ಸಭೆಯಲ್ಲಿ ಬೀಳುವುದನ್ನು ನೋಡಿ ಅವನು ತಾನಾಗಿ ತಿಳಿಯುತ್ತಾನೆ. ಈಚೆಗೆ ಕೆಲವು ಕೂಟಗಳಲ್ಲಿ ವಾದಕ್ಕಾಗಿಯೇ ವಾದವನ್ನು ಬೆಳೆಸಿ, ಪದ್ಯ ಎಲ್ಲಿಯೋ ಅರ್ಥ ಎಲ್ಲಿಯೋ ಎಂಬಂತೆ ಆಗುವುದೂ ಉಂಟು. ಎಳೆಯರು ಅದನ್ನೇ ಪಾಂಡಿತ್ಯವೆಂದು ಅನುಕರಿಸದಿದ್ದರೆ ಲೇಸು.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳಲ್ಲಿ ವಾಲಿ ಸುಗ್ರೀವರ ಕಾಳಗ ಒಂದು. ತಾಳಮದ್ದಳೆಯಲ್ಲಿ ಇದಕ್ಕಿರುವ ಬೆಲೆ ಬಹಳ ದೊಡ್ಡದು. ಕಥೆ ಎಲ್ಲರಿಗೂ ಗೊತ್ತು: ವಾಲಿ ತಮ್ಮನೊಡನೆ ಕಾದುತ್ತಿರುವಾಗ ರಾಮನು ಮರೆಯಲ್ಲಿ ನಿಂತು ಬಾಣ ಬಿಟ್ಟನು. ಬಿದ್ದ ವಾಲಿ ಕೇಳುವನು: ನಾನು ನಿನಗೆ ಏನು ಮಾಡಿದೆ? ನಿನ್ನ ರಾಜ್ಯಕ್ಕೆ ಬಂದೆನೇ? ಎದುರು ನಿಂತು ಏಕೆ ಹೊಡೆಯಲಿಲ್ಲ? ಮಡದಿಯನ್ನು ಹುಡುಕುವುದಕ್ಕೆ ಸಹಾಯ ಬೇಕಾಗಿದ್ದರೆ ನನ್ನನ್ನು ಕೇಳಬಾರದಾಗಿತ್ತೇ? ರಾಮನಿಗೂ ಉತ್ತರವುಂಟು: ಬದುಕಿರುವ ತಮ್ಮನ ಹೆಂಡತಿಯನ್ನು ನೀನು ಇಟ್ಟುಕೊಂಡೆ, ಈ ಭೂಮಿಯೆಲ್ಲ ಭರತನ ಆಳಿಕೆಗೆ ಸೇರಿದ್ದು, ಧರ್ಮ ತಪ್ಪಿದವನನ್ನು ದಂಡಿಸುವುದು ಅವನ ಆಜ್ಞೆಯಲ್ಲಿರುವ ನಮ್ಮ ಕರ್ತವ್ಯ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ಬೇಟೆಯಲ್ಲಿ ದೋಷವಲ್ಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ಈ ಎರಡೂ ಪಕ್ಷಗಳಿವೆ.

ಈಗ ಹದಿನೇಳು ವರ್ಷದ ತರುಣನೊಬ್ಬನಿಗೆ ವಾಲಿಯ ಅರ್ಥ ಹೇಳಬೇಕಾಗಿ ಬಂದಿತೆನ್ನಿ. ಅವನ ಮನೆಯಲ್ಲಿ ದಿನವೂ ರಾಮನ ಪೂಜೆ. ಕೇಳುವವರೆಲ್ಲ ರಾಮಭಕ್ತರು. ಅವರೆದುರಿನಲ್ಲಿ ಅವನು ವಾಲಿಯ ಎದೆಯೊಳಗೆ ಹೊಕ್ಕು, ವಾಲಿಗೆ ಆದ ಅನ್ಯಾಯವನ್ನು ವಾಲಿಯಂತೆ ನೊಂದು ಹೇಳಬೇಕು. ಅರೆಮನಸ್ಸಿನಿಂದ ಹೇಳಿದರೆ ರಾಮನ ಉತ್ತರಕ್ಕೂ ತೂಕ ಬಾರದು. ಮುಂದಿನ ವಾರ ಇನ್ನೊಂದು ಊರಿನಲ್ಲಿ ಅವನಿಗೇ ರಾಮನ ಪಾತ್ರ ಬರಬಹುದು. ಆಗ ತಾನೇ ಹೋದ ವಾರ ಎತ್ತಿದ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಹೀಗೆ ಪಕ್ಷ ಬದಲಿಸಿ ಮಾತನಾಡಿದ ತರುಣನಿಗೆ ಕಥೆಯೆಂಬುದು ಒಳ್ಳೆಯವರು ಕೆಟ್ಟವರನ್ನು ಗೆದ್ದ ವರದಿಯಾಗಿ ಉಳಿಯುವುದಿಲ್ಲ. ಕಥೆಯೊಳಗಿನ ಪ್ರತಿಯೊಬ್ಬರಿಗೂ ಅವರವರ ಕಾರಣವುಂಟೆಂದು ಅವನಿಗೆ ತಿಳಿಯುತ್ತದೆ. ಕಥನಕಲೆಯ ಹೃದಯ ಇದೇ ಎಂದು ನಾವು ತಿಳಿದಿದ್ದೇವೆ. ಕಂಠವೂ ಹಾವಭಾವವೂ ಇದರ ಮುಂದೆ ಸಣ್ಣ ಸಂಗತಿಗಳು. ವಾಲಿ, ರಾವಣ, ಕೌರವ ಮೊದಲಾದ ಸೋತವರ ಪಾತ್ರಗಳಿಗೆ ಮಾತಿನಿಂದ ಘನತೆ ತಂದುಕೊಟ್ಟ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಹರಿಕಥೆಯನ್ನೂ ಮಾಡಿದವರು. ಹರಿಕಥೆಯಲ್ಲಿ ಎಲ್ಲ ಪಾತ್ರಗಳನ್ನೂ ಒಬ್ಬರೇ ಆಡಬೇಕು. ಅಲ್ಲಿ ಎಲ್ಲರ ಪಕ್ಷವನ್ನೂ ಹಿಡಿಯುವ ಅಭ್ಯಾಸವಾದವರಿಗೆ ಇಲ್ಲಿ ಒಂದೇ ಪಕ್ಷವನ್ನು ಪೂರ್ಣವಾಗಿ ಹಿಡಿಯುವ ಬಲ ಬರುವುದು ಸಹಜವೇ.

ಕೆಲವು ವರ್ಷಗಳ ಕೆಳಗೆ ಕರಾವಳಿಯ ಒಂದು ಮನೆಯ ಚಾವಡಿಯಲ್ಲಿ, ಹೊರಗೆ ಆಷಾಢದ ಮಳೆ ಸುರಿಯುತ್ತಿರುವಾಗ, ಅಂಗದ ಸಂಧಾನ ನಡೆಯಿತು. ಇದೂ ಪಾರ್ತಿಸುಬ್ಬನದೇ. ರಾವಣನ ಪಾತ್ರಕ್ಕೆ ಎಪ್ಪತ್ತು ದಾಟಿದ ಒಬ್ಬ ಹಿರಿಯ ಅರ್ಥಧಾರಿ; ಅಂಗದನಿಗೆ ಹದಿನಾರು ವರ್ಷದ ಮಾಣಿ. ಅವನು ಹಿಂದಿನ ದಿನವೆಲ್ಲ ಕುಳಿತು ಅರ್ಥ ಬರೆದು ಗಟ್ಟಿಮಾಡಿದ್ದನೆಂದು ಅವನ ತಾಯಿ ಒಳಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಮೊದಲ ಎರಡು ಪದ್ಯಕ್ಕೆ ಅರ್ಥ ಹೊಳೆಯಂತೆ ಹರಿಯಿತು. ಆಗ ರಾವಣನು ಮೆಲ್ಲಗೆ ಕೇಳಿದನು: "ವಾಲಿ ನನ್ನ ಮಿತ್ರ. ಮಿತ್ರನ ಮಗ ನೀನು. ತಂದೆಯನ್ನು ಮರೆಯಿಂದ ಕೊಂದವನ ಓಲೆಯನ್ನು ಹೊತ್ತು ಬರುವುದಕ್ಕೆ ನಿನಗೆ ಹೇಗೆ ಮನಸ್ಸು ಬಂದಿತು, ಮಗು?" ಹುಡುಗನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನ ಮುಖ ಬಿಳಿಚಿತು. ಸಭೆಯೂ ಸುಮ್ಮನಾಯಿತು, ಶ್ರುತಿಯೊಂದೇ ಕೇಳುತ್ತಿತ್ತು. ಭಾಗವತರು ಮುಂದಿನ ಪದ್ಯವನ್ನು ಎತ್ತಿದ್ದರೆ ಅವನು ಪಾರಾಗುತ್ತಿದ್ದನು, ಅವರು ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮುದುಕ ರಾವಣನೇ ಮತ್ತೆ ಮಾತನಾಡಿದನು: "ಆಗಲಿ. ನಿನ್ನ ತಂದೆ ಪ್ರಾಣಬಿಡುವಾಗ ನಿನ್ನನ್ನು ಯಾರ ಕೈಯಲ್ಲಿ ಇಟ್ಟನು? ಅದನ್ನಾದರೂ ಹೇಳು."

ಪ್ರಶ್ನೆ ಕೇಳುವ ನೆವದಲ್ಲಿ ಉತ್ತರದ ತುದಿಯನ್ನು ಅವರು ಹುಡುಗನ ಕೈಗೆ ಕೊಟ್ಟಿದ್ದರು. ಅವನು ತಲೆಯೆತ್ತಿ ಹೇಳಿದನು: "ಕೊಂದವನಿದ್ದಲ್ಲಿಯೇ, ಅವನ ಎದುರಿನಲ್ಲಿಯೇ, ಚಿಕ್ಕಪ್ಪನ ಕೈಯಲ್ಲಿ ಇಟ್ಟನು. ಸಾಯುವ ನನ್ನ ತಂದೆಗೆ ಅವರ ಮೇಲೆ ಆ ನಂಬಿಕೆ ಬಂದಿತು. ತಂದೆ ನಂಬಿದವರನ್ನು ನಂಬದಿರಲು ನಾನು ಯಾರು? ನನ್ನ ತಂದೆಯ ಮಿತ್ರನೆಂದು ಹೇಳುವ ನೀನು ಆ ದಿನ ಎಲ್ಲಿದ್ದೆ?" ಬರೆದಿಟ್ಟುಕೊಂಡ ಅರ್ಥದಲ್ಲಿ ಇಂಥ ಮಾತು ಒಂದೂ ಇದ್ದಿರಲಾರದು. ರಾವಣನು ಉತ್ತರ ಕೊಡುವ ಮೊದಲು ಒಂದು ಸಲ ತಲೆದೂಗಿದನು. ಆ ತಲೆದೂಗಿದ್ದು ಲಂಕೇಶ್ವರನಲ್ಲ, ಆ ಹಿರಿಯರು ಎಂಬುದು ಎಲ್ಲರಿಗೂ ತಿಳಿಯಿತು. ಎದುರಾಳಿಯೇ ಗುರುವಾಗಿ, ಸಭೆಯ ನಡುವೆಯೇ ಸಭೆಗೆ ತಿಳಿಯದಂತೆ ಪಾಠ ಹೇಳುವ ಈ ಕ್ರಮವನ್ನು ಬೇರೆ ಯಾವ ಕಲೆಯಲ್ಲಿಯೂ ನಾವು ಕಂಡಿಲ್ಲ. ಆಟ ಮುಗಿದ ಮೇಲೆ ಅವರು ಹುಡುಗನಿಗೆ ಹೇಳಿದ್ದು ಇಷ್ಟೇ: "ಪದ್ಯ ಬಾಯಿಪಾಠ ಮಾಡು, ಮಾಣಿ. ಅರ್ಥ ಬಾಯಿಪಾಠ ಮಾಡಬೇಡ."

ಘಟ್ಟದ ಮೇಲೆ ಗಮಕವುಂಟು. ಕುಮಾರವ್ಯಾಸನ ಭಾರತವನ್ನು ಗಮಕಿಗಳು ರಾಗವಾಗಿ ಓದುವುದು, ವ್ಯಾಖ್ಯಾನಕಾರರು ಅರ್ಥ ಹೇಳುವುದು ಎಲ್ಲರಿಗೂ ಪರಿಚಿತವಾದ್ದರಿಂದ ಹೆಚ್ಚಾಗಿ ಹೇಳಬೇಕಾಗಿಲ್ಲ. ಎಳೆಯ ಗಮಕಿ ಕಲಿಯತಕ್ಕ ಮೊದಲ ಸೂಕ್ಷ್ಮ ಎಂದರೆ ಪದವನ್ನು ಎಲ್ಲಿ ಬಿಡಿಸಬೇಕು ಎಂಬುದು. ಭಾಮಿನಿ ಷಟ್ಪದಿಯಲ್ಲಿ ಮಾತು ಪಾದದ ಕೊನೆಗೆ ನಿಲ್ಲದೆ ಮುಂದಿನ ಪಾದಕ್ಕೆ ಹರಿದುಹೋಗುತ್ತದೆ. ಛಂದಸ್ಸಿನ ಗತಿಯನ್ನೇ ನಂಬಿ ನಿಲ್ಲಿಸಿದರೆ ಅರ್ಥ ಮುರಿಯುತ್ತದೆ, ಅರ್ಥವನ್ನೇ ನಂಬಿ ಓದಿದರೆ ಗತಿ ಮುರಿಯುತ್ತದೆ. ಎರಡನ್ನೂ ಉಳಿಸಿಕೊಳ್ಳುವುದು ಹತ್ತಾರು ವರ್ಷದ ಸಾಧನೆ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯಲ್ಲಿ ಇದ್ದುಕೊಂಡೇ ಈ ಸಾಧನೆ ಮಾಡಿದ ದಿವಂಗತ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ, ಗಮಕವೆಂದರೇನು ಎಂದು ಕೇಳಿದ ಕನ್ನಡಿಗರೂ ಇದ್ದರು ಎಂಬುದನ್ನು ವಿಷಾದದಿಂದಲೇ ಬರೆಯಬೇಕಾಗಿದೆ.

ಈಗ ಮುಖ್ಯವಾದ ಕಷ್ಟಕ್ಕೆ ಬರೋಣ. ಕಲಿಯುವ ಎಳೆಯರಿಗೆ ಇಂದು ಅಭಾವವಿಲ್ಲ. ರಜೆಯ ಶಿಬಿರಗಳಿವೆ, ಸ್ಪರ್ಧೆಗಳಿವೆ, ಮೊಬೈಲಿನಲ್ಲಿ ನೋಡಿ ಕಲಿಯುವ ಅನುಕೂಲವೂ ಇದೆ. ಅಭಾವವಿರುವುದು ಕೇಳುವವರಿಗೆ, ಅದರಲ್ಲಿಯೂ ಕಥೆಯನ್ನು ಮೊದಲೇ ಬಲ್ಲ ಕೇಳುಗರಿಗೆ. ಅಂಗದ ಸಂಧಾನದ ಆ ರಾತ್ರಿ ಹುಡುಗನು ತಡವರಿಸಿದಾಗ ಸಭೆ ಏಕೆ ಸುಮ್ಮನೆ ಕಾದಿತು? ವಾಲಿ ಮಗನನ್ನು ಯಾರಿಗೆ ಒಪ್ಪಿಸಿದನೆಂದು ಅಲ್ಲಿದ್ದ ಮುದುಕಿಗೂ ಗೊತ್ತಿತ್ತು. ಉತ್ತರ ಬರಬೇಕಾದ ದಾರಿಯನ್ನು ಎಲ್ಲರೂ ಬಲ್ಲರು. ಅವನು ಅದನ್ನು ಕಂಡುಹಿಡಿಯುವನೋ ಎಂಬುದೇ ಅವರ ಕುತೂಹಲ. ಕಥೆ ಗೊತ್ತಿಲ್ಲದವರ ಮುಂದೆ ಕಥೆ ಹೇಳುವವನು ಮುಂದೇನಾಯಿತು ಎಂಬ 'ಸುದ್ದಿ'ಯನ್ನಷ್ಟೇ ಕೊಡಬಲ್ಲನು. ಕಥೆ ಗೊತ್ತಿದ್ದವರ ಮುಂದೆ ಮಾತ್ರ ಅವನು ಅದು ಏಕೆ ಹಾಗಾಯಿತು ಎಂಬ ಆಳಕ್ಕೆ ಇಳಿಯಬಲ್ಲನು. ಮನೆಯಲ್ಲಿ ಅಪ್ಪ ಅಮ್ಮಂದಿರಿಗೇ ಕಥೆ ಮರೆತಿದ್ದರೆ ಮಗುವಿನ ತಪ್ಪಿಗೆ "ಹಾಗಲ್ಲ" ಎನ್ನುವವರು ಯಾರು?

ಸ್ಪರ್ಧೆಗಳ ಬಗೆಗೂ ಒಂದು ಮಾತು. ಯಾರೋ ಬರೆದುಕೊಟ್ಟದ್ದನ್ನು ಮೂರು ನಿಮಿಷದಲ್ಲಿ, ಕೈಗಳನ್ನು ಬೀಸುತ್ತ, ಕಣ್ಣುಗಳನ್ನು ಅರಳಿಸುತ್ತ ಒಪ್ಪಿಸುವ ಮಗುವಿಗೆ ಬಹುಮಾನ ಬರುತ್ತದೆ. ಅದರಲ್ಲಿ ಕೆಡುಕೇನೂ ಇಲ್ಲ. ಆದರೆ ಮನೆಗೆ ಬಂದ ಮೇಲೆ ಅದೇ ಕಥೆಯನ್ನು ಕೈಕಟ್ಟಿ ಕುಳಿತು, ಬೇರೆ ಮಾತಿನಲ್ಲಿ, ಅಡಿಗೆ ಮಾಡುತ್ತಿರುವ ತಾಯಿಗೆ ಹೇಳಲು ಅದಕ್ಕೆ ಬರುತ್ತದೆಯೇ ಎಂದು ನೋಡಿರಿ. ಬಂದರೆ ಅದು ಕಥೆಯನ್ನು ಕಲಿತಿದೆ.

ಹೀಗೆ ಕಲಿಸಲು ಹೆಚ್ಚಿನ ಸಲಕರಣೆಯೇನೂ ಬೇಡ. ರಾತ್ರಿ ಊಟವಾದ ಮೇಲೆ ದೂರದರ್ಶನವನ್ನು ನಿಲ್ಲಿಸಿ ಅರ್ಧ ಗಂಟೆ ಕುಳಿತರೆ ಸಾಕು. ಮನೆಯಲ್ಲಿ ಅಜ್ಜಿಯಿದ್ದರೆ ಅವರ ಕಥೆಗೆ ಮೊದಲ ಸ್ಥಾನ. ಅವರಿಗೆ ಮಾತ್ರ ಬರುವ ಕಥೆಯೊಂದು ಇದ್ದೇ ಇರುತ್ತದೆ, ಮತ್ತು ಅದನ್ನು ಬರೆದಿಡುವುದಕ್ಕಿಂತ ಮೊಮ್ಮಗಳ ಬಾಯಲ್ಲಿ ಒಮ್ಮೆ ಅವರೆದುರಿಗೇ ಹೇಳಿಸುವುದು ಮೇಲು. ಹತ್ತು ಹನ್ನೆರಡು ವರ್ಷದವರಿದ್ದರೆ ವಾಲಿಯ ಕಥೆಯನ್ನೇ ತೆಗೆದುಕೊಳ್ಳಬಹುದು. ದೊಡ್ಡವರು ಸಂಗತಿಯನ್ನು ಒಮ್ಮೆ ಸರಳವಾಗಿ ಹೇಳಿ, ಮಗನಿಗೆ ವಾಲಿಯ ಮಾತನ್ನೂ ಮಗಳಿಗೆ ರಾಮನ ಮಾತನ್ನೂ ಕೊಟ್ಟು, ನಡುವೆ ಬಾಯಿ ಹಾಕದೆ ಕುಳಿತಿರಬೇಕು. ಯಾರು ಗೆದ್ದರೆಂದು ತೀರ್ಪು ಕೊಡಬಾರದು. ಮರುದಿನ ಪಾತ್ರಗಳನ್ನು ಅದಲುಬದಲು ಮಾಡಬೇಕು. ಮೊದಲ ದಿನ ರಾಮನಾಗಿದ್ದ ಮಗಳು, ತಾನೇ ಆಡಿದ ಮಾತಿಗೆ ಎದುರುಮಾತು ಹುಡುಕುವಾಗ ಎಷ್ಟು ಹೊತ್ತು ಸುಮ್ಮನಿರುತ್ತಾಳೆಂಬುದನ್ನು ನೋಡುವುದೇ ಒಂದು ಸಂತೋಷ. ಆ ಮೌನವನ್ನು ತುಂಬಲು ಹಿರಿಯರು ಅವಸರಪಡಬಾರದು.

ಮೂರನೆಯ ಮಗುವೊಂದಿದ್ದರೆ ಅದಕ್ಕೆ ತಾರೆಯ ಪಾತ್ರವನ್ನು ಕೊಡಬೇಕು. ಮಾತು ಕಡಮೆಯೆಂದು ಅದು ಮುನಿಸಿಕೊಳ್ಳಬಹುದು. ಆಗ ಅದಕ್ಕೆ ಹೇಳತಕ್ಕದ್ದು ಇದು: ಸುಗ್ರೀವನು ಎರಡನೆಯ ಸಲ ಬಂದು ಕೂಗಿದಾಗ, ಒಮ್ಮೆ ಸೋತು ಓಡಿದವನು ಇಷ್ಟು ಬೇಗ ಹಿಂತಿರುಗಿ ಬರಬೇಕಾದರೆ ಅವನ ಹಿಂದೆ ಯಾರೋ ಇರಬೇಕು ಎಂದು ಊಹಿಸಿದವಳು ತಾರೆ, ರಾಮಲಕ್ಷ್ಮಣರು ಬಂದಿರುವ ಸುದ್ದಿಯನ್ನು ಅಂಗದನಿಂದ ಕೇಳಿ ತಿಳಿದಿದ್ದವಳೂ ಅವಳೇ, ಹೋಗಬೇಡವೆಂದು ಗಂಡನ ಕೈಹಿಡಿದು ನಿಲ್ಲಿಸಿದವಳೂ ಅವಳೇ. ವಾಲಿ ಆ ಮಾತನ್ನು ಕೇಳದೆ ಹೊರಟುಹೋದನು. ಅವನು ಬಾಗಿಲು ದಾಟಿದ ಮೇಲೆ ಒಳಗೆ ನಿಂತ ತಾರೆ ಏನೆಂದುಕೊಂಡಳು ಎಂಬುದನ್ನು ಆ ಮಗುವೇ ಹೇಳಲಿ, ಉಳಿದವರೆಲ್ಲ ಹೂಂಗುಟ್ಟಲಿ.